ಟೈಮ್‌ಶೇರ್ ಸದಸ್ಯತ್ವದ ರದ್ದತಿ: ಖರೀದಿದಾರರ ಹಕ್ಕುಗಳು ಹಾಗೂ ಅನುಸರಿಸಬೇಕಾದ ಕ್ರಮ

ಸರಕಿನ ದರ, ಸಾಗಣೆ ವೆಚ್ಚ ಹಾಗೂ ಬಡ್ಡಿಯನ್ನು ಪೈಸೆ ಪೈಸೆಯಾಗಿ ಲೆಕ್ಕ ಹಾಕುವ ವರ್ತಕರೂ ವಿಹಾರಧಾಮದ ಸದಸ್ಯತ್ವದ ಕರಾರಿಗೆ ಒಂದೇ ಸಂಜೆಯಲ್ಲಿ ಸಹಿ ಹಾಕುವುದುಂಟು. ಮಾಲ್ ಅಥವಾ ಪೆಟ್ರೋಲ್ ಬಂಕಿನಲ್ಲಿ ಭರ್ತಿ ಮಾಡಿಕೊಟ್ಟ ಕೂಪನ್ನಿಗೆ ಬಹುಮಾನ ಬಂದಿದೆಯೆಂಬ ದೂರವಾಣಿ ಕರೆ, ಪತ್ನಿಯೊಡನೆ ಹೋಟೆಲಿಗೆ ಬರಬೇಕೆಂಬ ಆಹ್ವಾನ, ಎರಡು ಮೂರು ಗಂಟೆಗಳ ವಿವರಣೆ, 'ಈ ದರ ಇಂದಿಗೆ ಮಾತ್ರ' ಎಂಬ ಒತ್ತಾಯ: ಇದು ಪರಿಚಿತ ಕ್ರಮ. ಮರುದಿನ ಮನೆಯಲ್ಲಿ ಕುಳಿತು ಕರಾರನ್ನು ಓದಿದಾಗ ಸದಸ್ಯತ್ವ ಬೇಡವೆನಿಸಿದರೆ ಕಾನೂನಿನಲ್ಲಿ ಯಾವ ಆಸರೆಯಿದೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಟೈಮ್‌ಶೇರಿನ ಸ್ವರೂಪ

ವಿಹಾರಧಾಮವೊಂದರ ಕೊಠಡಿಯನ್ನು ವರ್ಷಕ್ಕೆ ಸಾಮಾನ್ಯವಾಗಿ ಒಂದು ವಾರದಂತೆ ಹಲವು ವರ್ಷಗಳ ಕಾಲ ಬಳಸುವ ಹಕ್ಕನ್ನು ಮುಂಗಡವಾಗಿ ಖರೀದಿಸುವುದೇ ಟೈಮ್‌ಶೇರ್. ನಮ್ಮ ದೇಶದಲ್ಲಿ ಮಾರಾಟವಾಗುವ ಯೋಜನೆಗಳಲ್ಲಿ ಹೆಚ್ಚಿನವು ಬಳಕೆಯ ಹಕ್ಕನ್ನು ಮಾತ್ರ ನೀಡುತ್ತವೆ. ಸ್ಥಿರಾಸ್ತಿಯ ಒಡೆತನ ದೊರೆಯುವುದಿಲ್ಲ. 'ಆಸ್ತಿ ಮಾಡಿದಂತೆ' ಎಂಬ ಮಾರಾಟಗಾರರ ಮಾತನ್ನು ಈ ಹಿನ್ನೆಲೆಯಲ್ಲಿ ತೂಗಿ ನೋಡಬೇಕು. ಸದಸ್ಯತ್ವದ ಬೆಲೆಯಲ್ಲದೆ ವಾರ್ಷಿಕ ನಿರ್ವಹಣಾ ಶುಲ್ಕವೂ ಇರುತ್ತದೆ. ಅನೇಕ ಕರಾರುಗಳಲ್ಲಿ ಆ ವರ್ಷ ಪ್ರವಾಸ ಕೈಗೊಳ್ಳದಿದ್ದರೂ ಈ ಶುಲ್ಕ ತಪ್ಪುವುದಿಲ್ಲ.

ಒಂದು ಕಲ್ಪಿತ ಲೆಕ್ಕವನ್ನು ನೋಡಬಹುದು. ಸದಸ್ಯತ್ವದ ಬೆಲೆ ರೂ. 3,00,000, ಅವಧಿ 25 ವರ್ಷ, ನಿರ್ವಹಣಾ ಶುಲ್ಕ ವರ್ಷಕ್ಕೆ ರೂ. 14,000 ಎಂದಿರಲಿ. ಮಾರಾಟಗಾರರು 3 ಲಕ್ಷವನ್ನು 25ರಿಂದ ಭಾಗಿಸಿ 'ವರ್ಷಕ್ಕೆ ಕೇವಲ 12,000' ಎನ್ನುತ್ತಾರೆ. ಆದರೆ ಅದೇ ಮೊತ್ತ ಶೇ. 6ರ ಬಡ್ಡಿಯಲ್ಲಿ ಬ್ಯಾಂಕಿನಲ್ಲಿದ್ದರೆ ವರ್ಷಕ್ಕೆ 18,000 ರೂಪಾಯಿ ತರುತ್ತದೆ, ಅಸಲೂ ಉಳಿಯುತ್ತದೆ. ಬಡ್ಡಿ ಮತ್ತು ಶುಲ್ಕ ಸೇರಿ ರೂ. 32,000, ಆರು ರಾತ್ರಿಗಳಿಗೆ ಹಂಚಿದರೆ ರಾತ್ರಿಯೊಂದಕ್ಕೆ ಸುಮಾರು ರೂ. 5,333. ಊಟ ಹಾಗೂ ಪ್ರಯಾಣದ ವೆಚ್ಚ ಇದರಲ್ಲಿ ಸೇರಿಲ್ಲ.

ರದ್ದತಿಯ ಅವಧಿ: ಕಾನೂನಿನ ಸ್ಥಿತಿ

ಐರೋಪ್ಯ ಒಕ್ಕೂಟದಲ್ಲಿ 2008ರ ನಿರ್ದೇಶನದ ಪ್ರಕಾರ ಟೈಮ್‌ಶೇರ್ ಖರೀದಿದಾರರು 14 ದಿನಗಳೊಳಗೆ ಕಾರಣ ನೀಡದೆಯೇ ಕರಾರಿನಿಂದ ಹಿಂದೆ ಸರಿಯಬಹುದು. ಆ ಅವಧಿಯಲ್ಲಿ ಮುಂಗಡ ಹಣ ಪಡೆಯುವುದನ್ನೇ ನಿಷೇಧಿಸಲಾಗಿದೆ. ಭಾರತದಲ್ಲಿ ಟೈಮ್‌ಶೇರಿಗೆಂದೇ ಪ್ರತ್ಯೇಕ ಅಧಿನಿಯಮವಿಲ್ಲ. ಜೀವವಿಮಾ ಪಾಲಿಸಿಯನ್ನು ಹಿಂದಿರುಗಿಸಲು 2024ರ ನಿಯಮಗಳು 30 ದಿನಗಳ ಅವಕಾಶ ನೀಡಿವೆ. ಅಂತಹ ಶಾಸನಬದ್ಧ ಅವಧಿ ಟೈಮ್‌ಶೇರಿಗೆ ಇಲ್ಲ. ಆದ್ದರಿಂದ ಇಲ್ಲಿ ಕರಾರಿನ ಷರತ್ತೇ ಮೊದಲ ಆಧಾರ. ಹಲವು ಸಂಸ್ಥೆಗಳು ತಮ್ಮ ಕರಾರಿನಲ್ಲೇ ಕೆಲವು ದಿನಗಳ ರದ್ದತಿ ಅವಧಿಯನ್ನು ನಮೂದಿಸಿರುತ್ತವೆ. ಆ ದಿನಗಳು ಎಂದಿನಿಂದ ಎಣಿಕೆಯಾಗುತ್ತವೆ, ಸೂಚನೆ ಯಾವ ರೂಪದಲ್ಲಿರಬೇಕು, ಎಷ್ಟು ಮೊತ್ತ ಕಡಿತವಾಗುತ್ತದೆ ಎಂಬ ಮೂರು ಅಂಶಗಳನ್ನು ಗಮನಿಸಬೇಕು.

ಉದಾಹರಣೆಗೆ, ಹಾರ್ಡ್‌ವೇರ್ ವರ್ತಕರೊಬ್ಬರು ಭಾನುವಾರ ಕರಾರಿಗೆ ಸಹಿ ಹಾಕಿ ರೂ. 40,000 ಪಾವತಿಸುತ್ತಾರೆ ಎಂದುಕೊಳ್ಳೋಣ. ಸಹಿ ಮಾಡಿದ 10 ದಿನಗಳೊಳಗೆ ಲಿಖಿತವಾಗಿ ತಿಳಿಸಿದರೆ ಹಣ ವಾಪಸು ಎಂದು ಕರಾರಿನಲ್ಲಿದೆ. ನಾಲ್ಕನೆಯ ದಿನ ಅವರು ದೂರವಾಣಿಯಲ್ಲಿ ಸದಸ್ಯತ್ವ ಬೇಡವೆನ್ನುತ್ತಾರೆ. 'ಮ್ಯಾನೇಜರ್ ಊರಲ್ಲಿಲ್ಲ, ಮುಂದಿನ ವಾರ ನೋಡೋಣ' ಎಂಬ ಉತ್ತರ ಬರುತ್ತದೆ. ಹನ್ನೆರಡನೆಯ ದಿನ ಕಚೇರಿಗೆ ಹೋದಾಗ ಅವಧಿ ಮುಗಿದಿದೆಯೆಂಬ ಕಾಗದ ಕೈಗೆ ಸಿಗುತ್ತದೆ. ಇಲ್ಲಿ ಕೈತಪ್ಪಿದ್ದು ಹಕ್ಕಲ್ಲ, ಪುರಾವೆ. ಅದೇ ನಾಲ್ಕನೆಯ ದಿನ ಒಂದು ಇ-ಮೇಲ್ ಹಾಗೂ ಸ್ಪೀಡ್ ಪೋಸ್ಟ್ ಕಳುಹಿಸಿದ್ದರೆ ಪ್ರಶ್ನೆಯೇ ಉದ್ಭವಿಸುತ್ತಿರಲಿಲ್ಲ.

ಅವಧಿ ಮೀರಿದ ನಂತರ

ರದ್ದತಿ ಅವಧಿ ಮುಗಿದ ಮಾತ್ರಕ್ಕೆ ಎಲ್ಲ ಬಾಗಿಲುಗಳೂ ಮುಚ್ಚುವುದಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 19ನೆಯ ಕಲಮಿನ ಪ್ರಕಾರ ವಂಚನೆ ಅಥವಾ ತಪ್ಪು ನಿರೂಪಣೆಯಿಂದ ಪಡೆದ ಒಪ್ಪಿಗೆಯ ಕರಾರನ್ನು ನೊಂದ ಪಕ್ಷವು ರದ್ದುಪಡಿಸಬಹುದು. ಆದರೆ ಸಾಮಾನ್ಯ ಎಚ್ಚರದಿಂದ ಸತ್ಯವನ್ನು ಕಂಡುಕೊಳ್ಳಲು ಸಾಧ್ಯವಿದ್ದಲ್ಲಿ ತಪ್ಪು ನಿರೂಪಣೆಯ ನೆಪ ನಿಲ್ಲದು ಎಂಬ ವಿನಾಯಿತಿಯೂ ಅದೇ ಕಲಮಿನಲ್ಲಿದೆ. ಆದ್ದರಿಂದ 'ಓದದೆ ಸಹಿ ಹಾಕಿದೆ' ಎಂಬ ವಾದ ದುರ್ಬಲ. 'ಇಂತಹ ಸೌಲಭ್ಯವಿದೆ ಎಂದು ಈ ಕರಪತ್ರದಲ್ಲಿ, ಈ ಸಂದೇಶದಲ್ಲಿ ತಿಳಿಸಿದ್ದರು, ಅದು ಇಲ್ಲ' ಎಂಬ ವಾದ ಪ್ರಬಲ.

ಪಾವತಿಸಿದ ಹಣವನ್ನೆಲ್ಲ ಮುಟ್ಟುಗೋಲು ಹಾಕಿಕೊಳ್ಳುವ ಷರತ್ತಿಗೆ 74ನೆಯ ಕಲಂ ಮಿತಿಯೊಡ್ಡುತ್ತದೆ. ಕರಾರಿನಲ್ಲಿ ಎಷ್ಟೇ ಮೊತ್ತ ನಮೂದಾಗಿದ್ದರೂ ದೊರೆಯುವುದು ಆ ಮಿತಿಯೊಳಗಿನ ಸಮಂಜಸ ಪರಿಹಾರ ಮಾತ್ರ ಎಂಬುದನ್ನು ಸರ್ವೋಚ್ಚ ನ್ಯಾಯಾಲಯವು 2015ರ ಕೈಲಾಶ್ ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು 'ಅನುಚಿತ ಕರಾರು' ಎಂಬ ಹೊಸ ಪರಿಕಲ್ಪನೆಯನ್ನು ತಂದಿದೆ. ಆದ ನಷ್ಟಕ್ಕೆ ತೀರಾ ಹೊಂದದ ದಂಡ ವಿಧಿಸುವುದು ಹಾಗೂ ಗ್ರಾಹಕರಿಗೆ ಪ್ರತಿಕೂಲವಾದ ಅಸಮಂಜಸ ಶುಲ್ಕ ಅಥವಾ ಷರತ್ತುಗಳನ್ನು ಹೇರುವುದು ಇದರಲ್ಲಿ ಸೇರಿವೆ. ಅಂತಹ ಷರತ್ತುಗಳನ್ನು ಶೂನ್ಯವೆಂದು ಘೋಷಿಸುವ ಅಧಿಕಾರ ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗಿದೆ. ಸೇವಾ ನ್ಯೂನತೆ ಮತ್ತು ಅನುಚಿತ ವ್ಯಾಪಾರ ಪದ್ಧತಿಯ ದೂರುಗಳನ್ನು ಜಿಲ್ಲಾ ಆಯೋಗದಲ್ಲೇ ಸಲ್ಲಿಸಬಹುದು.

ಸಂಸ್ಥೆಯ ಹೆಸರಿನಲ್ಲಿ ಖರೀದಿಸಿದ್ದರೆ

ವರ್ತಕರು ವಿಶೇಷವಾಗಿ ಗಮನಿಸಬೇಕಾದ ಅಂಶವಿದು. ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರು 'ಗ್ರಾಹಕ'ರಾಗುವುದಿಲ್ಲ. ಸದಸ್ಯತ್ವವನ್ನು ಅಂಗಡಿ ಅಥವಾ ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿ ಪಡೆದಿದ್ದರೆ ಎದುರುಪಕ್ಷವು ಮೊದಲು ಎತ್ತುವ ಆಕ್ಷೇಪಣೆ ಇದೇ. ಆದರೆ ಖರೀದಿದಾರರು ಯಾರು ಎಂಬುದಕ್ಕಿಂತ ಖರೀದಿಯ ಪ್ರಧಾನ ಉದ್ದೇಶವೇನು, ಲಾಭ ಗಳಿಕೆಗೂ ಅದಕ್ಕೂ ನೇರ ಸಂಬಂಧವಿದೆಯೇ ಎಂಬುದನ್ನು ನೋಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2019ರ ಲೀಲಾವತಿ ಕೀರ್ತಿಲಾಲ್ ಮೆಹ್ತಾ ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ ಹೇಳಿದೆ. ದಾದಿಯರ ವಸತಿಗಾಗಿ ಆಸ್ಪತ್ರೆಯ ಟ್ರಸ್ಟ್ ಖರೀದಿಸಿದ ಫ್ಲ್ಯಾಟುಗಳು ವಾಣಿಜ್ಯ ಉದ್ದೇಶಕ್ಕಲ್ಲವೆಂದು ಅಲ್ಲಿ ತೀರ್ಮಾನವಾಯಿತು. ನೌಕರರ ಅಥವಾ ಕುಟುಂಬದ ವಿಹಾರಕ್ಕೆ ಪಡೆದ ಸದಸ್ಯತ್ವಕ್ಕೂ ಇದೇ ವಾದವನ್ನು ಮುಂದಿಡಬಹುದು. ಗ್ರಾಹಕರಿಗೆ ಬಾಡಿಗೆಗೆ ಕೊಡಲು ಪಡೆದಿದ್ದರೆ ವಾದ ನಿಲ್ಲುವುದು ಕಷ್ಟ.

'ಸಂಸ್ಥೆಯ ಹೆಸರಿನಲ್ಲಿ ಮಾಡಿ, ಜಿ.ಎಸ್.ಟಿ. ವಾಪಸು ಬರುತ್ತದೆ' ಎಂಬ ಸಲಹೆಯನ್ನೂ ನಂಬಲಾಗದು. ವೈಯಕ್ತಿಕ ಬಳಕೆಯ ಸೇವೆಗಳಿಗೆ ಹೂಡುವಳಿ ತೆರಿಗೆಯ ಜಮೆಯನ್ನು ಕಾಯಿದೆಯ 17(5)ನೆಯ ಕಲಂ ತಡೆಯುತ್ತದೆ.

ಸಾಲ ಮತ್ತು ಚೆಕ್ಕುಗಳು

ಕಂತುಗಳಿಗಾಗಿ ಹಣಕಾಸು ಸಂಸ್ಥೆಯಿಂದ ಸಾಲ ಪಡೆದಿದ್ದರೆ ಅದು ಬೇರೆಯೇ ಕರಾರು. ಸದಸ್ಯತ್ವ ರದ್ದಾದರೂ ಸಾಲ ತಾನಾಗಿಯೇ ರದ್ದಾಗದು. ಏಕಾಏಕಿ ಕಂತು ನಿಲ್ಲಿಸಿದರೆ ಸಾಲದ ದಾಖಲೆ ಕೆಡುತ್ತದೆ. ಮುಂದೆ ವ್ಯವಹಾರಕ್ಕೆ ಬೇಕಾಗುವ ಓವರ್‌ಡ್ರಾಫ್ಟಿಗೂ ಅಡ್ಡಿಯಾಗಬಹುದು. ಮುಂದಿನ ದಿನಾಂಕದ ಚೆಕ್ಕುಗಳನ್ನು ಕೊಟ್ಟಿದ್ದಲ್ಲಿ, ಪಾವತಿ ತಡೆಹಿಡಿದ ಮಾತ್ರಕ್ಕೆ ವರ್ಗಾವಣೀಯ ಸಂಲೇಖಗಳ ಅಧಿನಿಯಮದ 138ನೆಯ ಕಲಮಿನ ದೂರು ತಪ್ಪುವುದಿಲ್ಲ. ಬ್ಯಾಂಕಿನ ಸ್ವಯಂಚಾಲಿತ ಕಡಿತಕ್ಕೂ 2007ರ ಪಾವತಿ ವ್ಯವಸ್ಥೆಗಳ ಅಧಿನಿಯಮದಲ್ಲಿ ಅಂತಹುದೇ ಉಪಬಂಧವಿದೆ. ಆದ್ದರಿಂದ ಮೊದಲು ರದ್ದತಿಯ ಸೂಚನೆ, ಅದರ ಪ್ರತಿ ಹಣಕಾಸು ಸಂಸ್ಥೆಗೆ, ನಂತರ ಬ್ಯಾಂಕಿಗೆ ಪತ್ರ ಎಂಬ ಕ್ರಮವನ್ನು ತಪ್ಪಿಸಬಾರದು.

ದೂರು ಸಲ್ಲಿಕೆ

2021ರ ನಿಯಮಗಳ ಪ್ರಕಾರ ಪಾವತಿಸಿದ ಪ್ರತಿಫಲ ರೂ. 50 ಲಕ್ಷದವರೆಗಿದ್ದರೆ ದೂರು ಜಿಲ್ಲಾ ಆಯೋಗಕ್ಕೆ ಸೇರುತ್ತದೆ. ಪ್ರತಿಫಲ ರೂ. 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ದೂರುದಾರರು ವಾಸಿಸುವ ಅಥವಾ ದುಡಿಮೆ ಮಾಡುವ ಸ್ಥಳದಲ್ಲೇ ದೂರು ನೀಡಬಹುದು. ಹಾವೇರಿಯ ವರ್ತಕರು ಚೆನ್ನೈಗೋ ಮುಂಬೈಗೋ ಅಲೆಯಬೇಕಾಗಿಲ್ಲ. ವ್ಯಾಜ್ಯವನ್ನು ಪಂಚಾಯಿತರಿಗೇ ಒಪ್ಪಿಸಬೇಕೆಂಬ ಷರತ್ತಿದ್ದರೂ ಗ್ರಾಹಕ ಆಯೋಗದ ದಾರಿ ಮುಚ್ಚದು ಎಂಬುದು 2018ರ ಎಮ್ಮಾರ್ ಎಂ.ಜಿ.ಎಫ್. ಪ್ರಕರಣದಲ್ಲಿ ಖಚಿತವಾಗಿದೆ. ವ್ಯಾಜ್ಯ ಕಾರಣ ಉಂಟಾದ ಎರಡು ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು. ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ.

ಅನುಸರಿಸಬೇಕಾದ ಕ್ರಮ

1. ಸಹಿ ಮಾಡಿದ ದಿನವೇ ಕರಾರು, ರಸೀದಿ, ಕರಪತ್ರ ಹಾಗೂ ಮಾರಾಟ ಪ್ರತಿನಿಧಿಯ ಸಂದೇಶಗಳನ್ನು ಒಂದೆಡೆ ಇರಿಸಬೇಕು.

2. ರದ್ದತಿಯ ಕೊನೆಯ ದಿನವನ್ನು ಗುರುತು ಮಾಡಿಕೊಳ್ಳಬೇಕು.

3. ಸದಸ್ಯತ್ವ ಸಂಖ್ಯೆ, ಪಾವತಿಸಿದ ಮೊತ್ತ, ರದ್ದತಿಯ ನಿರ್ಧಾರ ಮತ್ತು ಮರುಪಾವತಿಯ ಬೇಡಿಕೆಯನ್ನೊಳಗೊಂಡ ಪತ್ರವನ್ನು ಇ-ಮೇಲ್ ಹಾಗೂ ಸ್ಪೀಡ್ ಪೋಸ್ಟ್ ಎರಡರಲ್ಲೂ ಕಳುಹಿಸಿ, ತಲುಪಿದ ದಾಖಲೆಯನ್ನು ಉಳಿಸಿಕೊಳ್ಳಬೇಕು.

4. ರದ್ದತಿ ಬಯಸಿದ ನಂತರ ಉಚಿತ ಉಡುಗೊರೆ ಅಥವಾ ಪ್ರವಾಸದ ಕೂಪನ್ ಬಳಸಬಾರದು. ಒಪ್ಪಿಗೆ ಮುಂದುವರಿದಿದೆಯೆಂಬ ವಾದಕ್ಕೆ ಅದು ಎಡೆಮಾಡುತ್ತದೆ.

5. ಉತ್ತರ ಬಾರದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರಿತ್ತು, ಬಳಿಕ ಆಯೋಗವನ್ನು ಸಂಪರ್ಕಿಸಬೇಕು.

ಈ ಕಾನೂನಿಗೆ ಇನ್ನೊಂದು ಮುಖವೂ ಇದೆ. ಇಂದು ವಿಹಾರಧಾಮದ ಎದುರು ಗ್ರಾಹಕರಾಗಿ ನಿಲ್ಲುವ ವರ್ತಕರೇ ನಾಳೆ ತಮ್ಮ ಅಂಗಡಿಯಲ್ಲಿ ಮಾರಾಟಗಾರರು. 'ಮಾರಿದ ಸರಕನ್ನು ವಾಪಸು ಪಡೆಯುವುದಿಲ್ಲ' ಎಂಬ ಬಿಲ್ಲಿನ ಸಾಲು ದೋಷಯುಕ್ತ ಸರಕಿಗೆ ಅನ್ವಯಿಸದು; ಬಿಲ್ಲಿನಲ್ಲಿ ಅವಧಿ ನಮೂದಿಸದಿದ್ದಲ್ಲಿ 30 ದಿನಗಳೊಳಗೆ ಅದನ್ನು ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದೂ ಇದೇ ಅಧಿನಿಯಮದಡಿ ಅನುಚಿತ ವ್ಯಾಪಾರ ಪದ್ಧತಿಯೇ. ತಾವು ಗ್ರಾಹಕರಾಗಿ ಬಯಸುವ ನ್ಯಾಯವನ್ನು ತಮ್ಮ ಬಿಲ್ ಪುಸ್ತಕದಲ್ಲೂ ಕಾಣುವಂತೆ ಮಾಡಿದ ವರ್ತಕರಿಗೆ ಗ್ರಾಹಕ ಆಯೋಗದ ಮೆಟ್ಟಿಲೇರುವ ಸಂದರ್ಭ ವಿರಳವಾಗುತ್ತದೆ.