ಭುಜದ ಕೀಲು ಬದಲಿಸಿದ ಬಳಿಕ ರಕ್ತಸ್ರಾವ: ಯಾವಾಗ ಎಚ್ಚರ ವಹಿಸಬೇಕು?

ಭುಜದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಮುಗಿಸಿ ಬಂದ ಹಿರಿಯರ ತೋಳು ಮೂರು-ನಾಲ್ಕು ದಿನಗಳಲ್ಲಿ ಮೊಣಕೈವರೆಗೂ ನೀಲಿಗಟ್ಟಿದರೆ ಮನೆಮಂದಿ ಗಾಬರಿಯಾಗುವುದು ಸಹಜ. ಒಬ್ಬರು ಬಿಸಿ ಎಣ್ಣೆ ತಿಕ್ಕಲು ಹೇಳುತ್ತಾರೆ, ಇನ್ನೊಬ್ಬರು ಹಿಜಾಮ ಮಾಡಿಸಲು ಹೇಳುತ್ತಾರೆ. ದಯವಿಟ್ಟು ಎರಡನ್ನೂ ಮಾಡಬೇಡಿ.

ಈ ಶಸ್ತ್ರಚಿಕಿತ್ಸೆಯಲ್ಲಿ ತೋಳಿನ ಮೂಳೆಯ ಸವೆದ ತುದಿಯನ್ನು ಕತ್ತರಿಸಿ ಕೃತಕ ಕೀಲು ಜೋಡಿಸುತ್ತಾರೆ. ಕತ್ತರಿಸಿದ ಮೂಳೆ ಮತ್ತು ಸ್ನಾಯುಗಳಿಂದ ಒಸರಿದ ರಕ್ತ ಚರ್ಮದಡಿಯಲ್ಲಿ ಕೆಳಗಿಳಿದು ತೋಳು, ಎದೆಯ ಭಾಗ ನೀಲಿಯಾಗುತ್ತದೆ. ಅದು ಹಸಿರು, ಹಳದಿಗೆ ತಿರುಗಿ ಕೆಲವು ವಾರಗಳಲ್ಲಿ ಮಾಯವಾಗುತ್ತದೆ.

ಆದರೆ ರಕ್ತ ಒಳಗೇ ಗಡ್ಡೆಯಂತೆ ಶೇಖರವಾದರೆ ಅಪಾಯ. ಅದು ರೋಗಾಣುಗಳಿಗೆ ಆಹಾರವಾಗುತ್ತದೆ. ಸೋಂಕು ಕೃತಕ ಕೀಲಿಗೆ ತಗುಲಿದರೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಈ ಲಕ್ಷಣಗಳು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ:

• ಊತ ಬೇಗನೆ ಹೆಚ್ಚಿ ಚರ್ಮ ಬಿಗಿಯಾಗುವುದು, ನೋವು ಏರುತ್ತಲೇ ಇರುವುದು
• ಪಟ್ಟಿ ರಕ್ತದಿಂದ ತೊಯ್ಯುವುದು ಅಥವಾ ಗಾಯ ದಿನಗಟ್ಟಲೆ ಒಸರುವುದು
• ಅರಿವಳಿಕೆಯ ಪ್ರಭಾವ ಕಳೆದ ಮೇಲೂ ಬೆರಳುಗಳು ಜೋಮು ಹಿಡಿಯುವುದು, ತಣ್ಣಗಾಗುವುದು
• ತಲೆ ಸುತ್ತುವುದು, ಮುಖ ಬಿಳಿಚುವುದು, ಎದೆಬಡಿತ ಹೆಚ್ಚುವುದು
• ಜ್ವರ ಬರುವುದು

ಎಚ್ಚರ ಶಸ್ತ್ರಚಿಕಿತ್ಸೆಗೆ ಮುನ್ನವೇ ಆರಂಭವಾಗಬೇಕು. ಆಸ್ಪಿರಿನ್ ಮಾತ್ರೆಯ ಪ್ರಭಾವ ರಕ್ತದಲ್ಲಿ 7ರಿಂದ 10 ದಿನ ಉಳಿಯುತ್ತದೆ. ಬೆಳ್ಳುಳ್ಳಿ ಕ್ಯಾಪ್ಸೂಲ್, ಗಿಂಕ್ಗೊ ಮಾತ್ರೆಗಳೂ ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡಿಯಾಗಬಹುದು. ಕಲೋಂಜಿ ಎಣ್ಣೆ ಸೇವಿಸುತ್ತಿದ್ದರೆ ಅದನ್ನೂ ತಿಳಿಸಬೇಕು. ಅಡುಗೆಯ ಬೆಳ್ಳುಳ್ಳಿಗೆ ಹೆದರಬೇಕಿಲ್ಲ. ಮನೆಮದ್ದು ಔಷಧಿಯಲ್ಲ ಎಂದು ಹಲವರು ವೈದ್ಯರಿಗೆ ಹೇಳುವುದೇ ಇಲ್ಲ. ಯುನಾನಿ ವೈದ್ಯನಾಗಿ ನಾನು ಹೇಳುತ್ತೇನೆ: ಗುಣ ಇರುವ ಮದ್ದಿಗೆ ಅಡ್ಡ ಪರಿಣಾಮವೂ ಇರಬಹುದು. ಕನಿಷ್ಠ ಎರಡು ವಾರ ಮುಂಚೆಯೇ ಎಲ್ಲವನ್ನೂ ತಿಳಿಸಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಅದು ಪ್ರಾಣಕ್ಕೇ ಎರವಾಗಬಹುದು. ಯಾವುದನ್ನು, ಯಾವಾಗ ನಿಲ್ಲಿಸಬೇಕೆಂದು ವೈದ್ಯರೇ ನಿರ್ಧರಿಸಲಿ.

ಶಸ್ತ್ರಚಿಕಿತ್ಸೆಯ ನಂತರ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ ಇಡಬಹುದು. ಪಟ್ಟಿ ಒದ್ದೆಯಾಗದಿರಲಿ. ಕೈಗೆ ಹಾಕಿದ ಜೋಲಿಯನ್ನು ವೈದ್ಯರು ಹೇಳುವವರೆಗೆ ತೆಗೆಯಬೇಡಿ. ನೋವಿನ ಮಾತ್ರೆಗಳನ್ನು ಅಂಗಡಿಯಿಂದ ನೀವೇ ತಂದು ನುಂಗಬೇಡಿ. ಅವುಗಳಲ್ಲೂ ಹಲವು ರಕ್ತಸ್ರಾವ ಹೆಚ್ಚಿಸುತ್ತವೆ.

ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿ ಸೇವಿಸುವ ಎಲ್ಲ ಔಷಧಿಗಳನ್ನೂ ಒಂದು ಚೀಲಕ್ಕೆ ಹಾಕಿ ವೈದ್ಯರ ಮುಂದಿಡಿ. ಹಕೀಮರು ಕೊಟ್ಟ ಸೀಸೆಯೂ ಆ ಚೀಲದಲ್ಲಿರಲಿ.