ವಿರಾಮದಿನದ ದುಡಿಮೆಯೂ ಕಾಯಕತತ್ತ್ವವೂ

ಕಾಯಕವನ್ನು ಕುರಿತು ಮಾತನಾಡುವವರು ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ಸ್ಮರಿಸದೆ ಇರಲಾರರು. ಕಲ್ಯಾಣದಲ್ಲಿ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಒಲ್ಲದೆ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದರೆಂದು ಪ್ರತೀತಿ. ಈ ಪ್ರಸಂಗವನ್ನೇ ಮುಂದಿಟ್ಟು, “ಶರಣೆಯು ಹೆಚ್ಚಿನದನ್ನು ಒಲ್ಲೆನೆಂದಳು, ಅಂದಮೇಲೆ ಭಾನುವಾರ ದುಡಿದೆನೆಂದು ಹೆಚ್ಚು ಕೂಲಿ ಬೇಡುವವನು ಕಾಯಕಧರ್ಮವನ್ನು ಅರಿತವನಲ್ಲ” ಎಂದು ವಾದಿಸುವವರುಂಟು. ಈ ವಾದ ಮೇಲುನೋಟಕ್ಕೆ ಬಲವಾಗಿ ಕಾಣುತ್ತದೆ. ಒಳಹೊಕ್ಕು ನೋಡಿದರೆ ನಿಲ್ಲದು.

ಲಕ್ಕಮ್ಮನವರು ಬೇಡವೆಂದದ್ದು ಯಾವುದನ್ನು? ದುಡಿಮೆಗೆ ಸಲ್ಲುವ ಫಲವನ್ನಲ್ಲ. ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಮಿಗಿಲಾಗಿ, ಆಸೆಯಿಂದ ಕೈಸೇರಿದ ಅಕ್ಕಿಯನ್ನು. ಭಾನುವಾರ ಮಗ್ಗದ ಮುಂದೆಯೋ ಒಲೆಯ ಮುಂದೆಯೋ ನಿಂತವನ ಹೆಚ್ಚಿನ ಕೂಲಿ ಹಾಗೆ ಬಂದುದಲ್ಲ. ಅವನು ತನ್ನ ವಿರಾಮವನ್ನು ಕೊಟ್ಟು ಅದನ್ನು ಪಡೆಯುತ್ತಾನೆ. ಇನ್ನೊಂದು ಮಾತು. ಆ ಅಳತೆಯನ್ನು ಲಕ್ಕಮ್ಮನವರು ತಮ್ಮ ಮನೆಗೆ ತಾವೇ ಹಾಕಿಕೊಂಡರು. ಮಹಾಮನೆಯ ಕಡೆಯವರು ಬಂದು, “ನಿಮಗೆ ಇಷ್ಟು ಸಾಕು” ಎಂದು ಅಳೆದು ಕೊಡಲಿಲ್ಲ. ದುಡಿಯುವವನು ಸ್ವಂತ ಇಚ್ಛೆಯಿಂದ ತಾಳುವ ಮಿತವು ವ್ರತ. ದುಡಿಸಿಕೊಳ್ಳುವವನು ಅದೇ ಮಿತವನ್ನು ಅವನ ಮೇಲೆ ಹೇರಿದರೆ ಅದು ಲೋಭದ ವೇಷಾಂತರ. ಪರರದೆಂದು ಕಂಡ ಅಕ್ಕಿಯನ್ನು ಮನೆಯಲ್ಲಿ ಇರಗೊಡದ ಆ ತಾಯಿಯ ನಿಷ್ಠೆ ಕೂಲಿಯವನಿಗಿಂತ ಮೊದಲು ಧಣಿಗೆ ಅನ್ವಯಿಸತಕ್ಕದ್ದು.

ಇಲ್ಲಿ ಮತ್ತೊಂದು ಶಂಕೆ ಏಳುವುದು. ಶುಭದಿನ, ಅಶುಭದಿನವೆಂಬ ಭೇದವನ್ನು ಶರಣರು ಒಪ್ಪಲಿಲ್ಲ. ಹಾಗಿದ್ದ ಮೇಲೆ ಬುಧವಾರದ ದುಡಿಮೆಗೆ ಒಂದು ಬೆಲೆ, ಭಾನುವಾರದ ದುಡಿಮೆಗೆ ಇನ್ನೊಂದು ಬೆಲೆ ಏಕೆ? ಈ ಪ್ರಶ್ನೆ ಹಿಂದಿನದಕ್ಕಿಂತ ಗಹನವಾದುದು. ಸಮಾಧಾನವಿಷ್ಟೆ: ನಮಗೆ ಭಾನುವಾರವು ಸ್ವತಃ ಪವಿತ್ರವಾದ ವಾರವಲ್ಲ. ಆದರೆ ಅಂದು ಮಕ್ಕಳಿಗೆ ಶಾಲೆಯಿಲ್ಲ, ಕಚೇರಿಗಳು ಮುಚ್ಚಿರುತ್ತವೆ, ನಂಟರಿಷ್ಟರು ಬರುವುದು ಅಂದೇ. ಮಂಗಳವಾರ ಬಿಡುವು ಪಡೆದವನು ಬರಿದಾದ ಮನೆಯಲ್ಲಿ ಒಬ್ಬನೇ ಕುಳಿತಿರುತ್ತಾನೆ. ಆದುದರಿಂದ ಭಾನುವಾರದ ಬೆಲೆ ಪಂಚಾಂಗದಿಂದ ಬಂದುದಲ್ಲ, ಸಹವಾಸದಿಂದ ಬಂದುದು.

ಇದಲ್ಲದೆ, ಅಂದಿನ ಕಾಯಕಜೀವಿಗಳಿಗೂ ಇಂದಿನ ಕೂಲಿಕಾರನಿಗೂ ಒಂದು ಅಂತರವಿದೆ. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದರು. ಹುಲ್ಲೂ ಕೈಯೂ ಹೊತ್ತೂ ಅವರವೇ. ಜೇಡರ ದಾಸಿಮಯ್ಯನವರ ಮಗ್ಗ ಅವರ ಮನೆಯಲ್ಲಿಯೇ ಇದ್ದಿತು. ಲಿಂಗಪೂಜೆಗೆ ಎಷ್ಟು ಹೊತ್ತು, ಗೋಷ್ಠಿಗೆ ಎಷ್ಟು ಹೊತ್ತು ಎಂಬುದನ್ನು ಅವರೇ ನಿಶ್ಚಯಿಸುತ್ತಿದ್ದರು. ಕಾರ್ಖಾನೆಯ ಕೂಗಿಗೆ ಓಡುವವನಿಗೆ ಆ ಸ್ವಾತಂತ್ರ್ಯವಿಲ್ಲ. ಅವನ ಹೊತ್ತು ಪರಾಧೀನ. ಅವನಿಗೆ ವಾರದಲ್ಲಿ ಒಂದು ದಿನ ಬಿಟ್ಟುಕೊಡುವುದೆಂದರೆ ಕಾಯಕಜೀವಿಗೆ ಸಹಜವಾಗಿದ್ದ ಸ್ವಾತಂತ್ರ್ಯದ ಒಂದು ಪಾಲನ್ನು ಹಿಂದಿರುಗಿಸುವುದು.

ಆ ಪಾಲೂ ಬೇಡದೆ ದೊರಕಲಿಲ್ಲ. ಮುಂಬಯಿಯ ಗಿರಣಿಗಳಲ್ಲಿ ವಾರದ ರಜೆಯಿಲ್ಲದೆ ದುಡಿಯುತ್ತಿದ್ದವರನ್ನು ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಒಟ್ಟುಗೂಡಿಸಿ ಮನವಿ ಸಲ್ಲಿಸಿದರು. ಲೋಖಂಡೆಯವರು ಜ್ಯೋತಿಬಾ ಫುಲೆಯವರ ಅನುಯಾಯಿಗಳು. ಭಾನುವಾರವು ಖಂಡೋಬನ ವಾರವೆಂಬುದೂ ಆ ಬೇಡಿಕೆಗೆ ಒಂದು ಆಧಾರವಾಗಿತ್ತು; ನಮ್ಮ ನಾಡಿನಲ್ಲಿ ಆ ದೇವನನ್ನೇ ಮೈಲಾರಲಿಂಗನೆಂದು ಪೂಜಿಸುತ್ತಾರೆ. ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದ್ದು 1890ರ ಜೂನ್ 10ರಂದು. ಮರುವರ್ಷದ ಕಾಯಿದೆಯಲ್ಲಿ ವಾರದ ರಜೆ ಸೇರಿತು. ಸ್ವಾತಂತ್ರ್ಯಾನಂತರದ 1948ರ ಕಾರ್ಖಾನೆ ಕಾಯಿದೆಯ ವಿಧಿಯನ್ನು ಸೂಕ್ಷ್ಮವಾಗಿ ಗಮನಿಸಬೇಕು. ಭಾನುವಾರವೆಂಬ ಹೆಸರಿಗಾಗಿ ಹೆಚ್ಚು ಕೂಲಿಯನ್ನು ಅದು ವಿಧಿಸಲಿಲ್ಲ. ಭಾನುವಾರ ದುಡಿಸಿದರೆ ಅದರ ಹಿಂದಿನ ಅಥವಾ ಮುಂದಿನ ಮೂರು ದಿನಗಳೊಳಗೆ ಒಂದು ಪೂರ್ಣ ದಿನದ ಬಿಡುವು ಕೊಡಬೇಕೆಂದಿತು. ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಎರಡು ಪಟ್ಟು ವೇತನ ಸಲ್ಲಬೇಕೆಂದಿತು. ವಾರಕ್ಕೊಂದು ಬಿಡುವು, ಮೀರಿದ ದುಡಿಮೆಗೆ ಇಮ್ಮಡಿ ಕೂಲಿ ಎಂಬ ಎರಡು ತತ್ತ್ವಗಳನ್ನೂ 2020ರ ಸಂಹಿತೆಯು ಉಳಿಸಿಕೊಂಡಿದೆ. ಬಿಡುವಿಗೆ ಬಿಡುವೇ ಮೊದಲ ಪರಿಹಾರ, ಹಣವಲ್ಲ ಎಂಬ ಈ ಕ್ರಮ ವಿವೇಕಯುತವಾದುದು.

ಇದೆಲ್ಲ ಹೊರನಾಡಿನಿಂದ ಬಂದ ವಿಚಾರವೆಂದು ಹಳಿಯುವವರು ಕೌಟಿಲ್ಯನನ್ನು ನೋಡಬಹುದು. ಮೈಸೂರಿನ ಪ್ರಾಚ್ಯ ಗ್ರಂಥಭಂಡಾರದಲ್ಲಿ ದೊರೆತ ಓಲೆಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದಲ್ಲಿ ನೂಲುವವರ ಮೇಲ್ವಿಚಾರಣೆ ನಡೆಸುವ ಸೂತ್ರಾಧ್ಯಕ್ಷನ ಪ್ರಕರಣವೊಂದಿದೆ. ಹಬ್ಬದ ತಿಥಿಗಳಲ್ಲಿ ಕೆಲಸ ಮಾಡಿಸಬೇಕಾದರೆ ವಿಶೇಷವಾಗಿ ಕೊಟ್ಟು ಮನ್ನಿಸಿ ಮಾಡಿಸಬೇಕೆಂಬುದು ಅಲ್ಲಿಯ ಅಭಿಪ್ರಾಯ. ರಾಜ್ಯದ ಬೊಕ್ಕಸಕ್ಕೆ ಕಾಸು ಕಾಸನ್ನೂ ಲೆಕ್ಕ ಹಾಕಿದ ಆ ಕಠಿಣಹೃದಯನೂ ಇಷ್ಟನ್ನು ಬಿಟ್ಟುಕೊಟ್ಟಿದ್ದಾನೆ. ಇನ್ನು ನಮ್ಮ ಒಕ್ಕಲಿಗರಿಗೆ ಗ್ರಂಥವೇ ಬೇಕಿರಲಿಲ್ಲ. ಸೋಮವಾರ ಎತ್ತಿನ ಹೆಗಲಿಗೆ ನೊಗವಿಡಬಾರದೆಂಬ ಕಟ್ಟಳೆ ಎಷ್ಟೋ ಹಳ್ಳಿಗಳಲ್ಲಿದೆ. ಹದ ಮೀರುತ್ತಿದ್ದರೂ ಅಂದು ಬಸವನನ್ನು ಹೂಡರು. ಎರಡು ಹಿಡಿ ಹಿಂಡಿ ಹೆಚ್ಚಿಗೆ ತಿನ್ನಿಸಿ ಸೋಮವಾರವೂ ಹೂಡೋಣವೆಂದು ಲೆಕ್ಕ ಹಾಕುವವನನ್ನು ಆ ಊರು ಮೆಚ್ಚದು.

ಪ್ರಶ್ನೆ ಹೊರಗಿನ ಗಿರಣಿಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ಮಠಗಳ ದಾಸೋಹದ ಮನೆಗೂ ಅದು ಬಂದೇ ಬರುತ್ತದೆ. ಭಕ್ತರಿಗೆ ರಜೆಯಿರುವ ದಿನವೇ ಮಠಕ್ಕೆ ಜನಸಂದಣಿ. ಅಂದು ಸಂಬಳದ ಅಡಿಗೆಯವರು ನಸುಕಿನಲ್ಲಿ ಒಲೆ ಹೊತ್ತಿಸಿದರೆ ರಾತ್ರಿಯ ಪಂಕ್ತಿ ಏಳುವವರೆಗೆ ಬಿಡುವಿಲ್ಲ. ಜಾತ್ರೆಯ ದಿನಗಳಲ್ಲಂತೂ ಹೇಳತಕ್ಕದ್ದೇನು! ಅವರು ಹೆಚ್ಚಿನದೇನನ್ನಾದರೂ ಕೇಳಿದರೆ “ಇದು ಸೇವೆ, ಇದಕ್ಕೆ ಲೆಕ್ಕವೇ?” ಎಂಬ ಉತ್ತರ ಸುಲಭವಾಗಿ ನಾಲಗೆಗೆ ಬರುತ್ತದೆ. ‘ದಾಸೋಽಹಂ’ ಎಂದರೆ ‘ನಾನು ದಾಸನು’ ಎಂದರ್ಥ. ಅದು ಉತ್ತಮಪುರುಷದ ಮಾತು. ‘ನೀನು ದಾಸನಾಗು’ ಎಂಬ ಅರ್ಥವನ್ನು ಯಾವ ವ್ಯಾಕರಣದಿಂದಲೂ ಅದರಿಂದ ಹೊರಡಿಸಲಾಗದು. ತನ್ನ ಕಾಯಕದಿಂದ ಬಂದುದನ್ನು ಸಲ್ಲಿಸುವುದು ದಾಸೋಹ. ಅಡಿಗೆಯವನಿಗೆ ಸಲ್ಲಬೇಕಾದ ಕೂಲಿಯನ್ನು ಉಳಿಸಿ ಅದರಿಂದ ಇನ್ನೊಂದು ಪಂಕ್ತಿ ಉಣಿಸಿದರೆ, ಆ ಅನ್ನವನ್ನು ನೀಡಿದವನು ಅಡಿಗೆಯವನೇ ಹೊರತು ಮಠವಲ್ಲ. ಅದೂ ಅವನನ್ನು ಕೇಳದೆ. ಭಕ್ತಿಯಿಂದ ಬಂದು ಸೌಟು ಹಿಡಿಯುವ ಭಕ್ತರ ವಿಷಯ ಬೇರೆ. ಅವರಿಗೆ ಕೂಲಿಯ ಮಾತೆತ್ತಿದರೆ ನೊಂದುಕೊಂಡಾರು.

ಹಾಗಾದರೆ ಎಷ್ಟು ಕೊಡಬೇಕು? ಬದಲು ದಿನವನ್ನು ಮುಂಚಿತವಾಗಿ ತಿಳಿಸಿ ತಪ್ಪದೆ ಕೊಟ್ಟಲ್ಲಿ, ವಾಡಿಕೆಯ ಕೂಲಿಯ ಮೇಲೆ ಅಲ್ಪಸ್ವಲ್ಪ ಸೇರಿಸಿದರೂ ನ್ಯಾಯವಾದೀತು. ಮನೆಯವರೊಡನೆ ಕಳೆಯಬೇಕಾದ ದಿನ ಹೋದುದಕ್ಕೆ ಅಷ್ಟಾದರೂ ಸಲ್ಲಬೇಕು. ಬದಲು ದಿನ ಕೊಡಲಾಗದಿದ್ದರೆ ಇಮ್ಮಡಿಗೆ ಕಡಮೆ ಸಲ್ಲದು. ಆದರೆ ಇಮ್ಮಡಿಯ ಆಸೆ ತೋರಿಸಿ ಒಬ್ಬನನ್ನೇ ವಾರ ವಾರವೂ ದುಡಿಸುವುದು ಕೂಡದು. ಮನೆಯಲ್ಲಿ ಕೊರತೆಯಿರುವವನು ಒಲ್ಲೆನೆನ್ನಲಾರ. ಅವನ ಒಪ್ಪಿಗೆಯನ್ನು ಪೂರ್ಣ ಒಪ್ಪಿಗೆಯೆಂದು ಎಣಿಸಲಾಗದು. ಅಡಿಗೆಯ ಮನೆಯಲ್ಲಿ ನಾಲ್ವರಿದ್ದರೆ ತಿಂಗಳಿಗೊಂದು ಭಾನುವಾರವಾದರೂ ಪ್ರತಿಯೊಬ್ಬರಿಗೂ ಬಿಡುವು ಬರುವಂತೆ ಸರದಿ ಗೊತ್ತುಮಾಡುವುದು ಕಷ್ಟವೇನಲ್ಲ. ಆ ಸರದಿಯ ಪಟ್ಟಿಯನ್ನು ತಿಂಗಳ ಮೊದಲ ದಿನವೇ ಅಡಿಗೆಮನೆಯ ಬಾಗಿಲಿಗೆ ಅಂಟಿಸಬೇಕು. ಹೆಚ್ಚಿನ ಕೂಲಿಯನ್ನು ಕಾಣಿಕೆಯ ಲೆಕ್ಕದಲ್ಲಿ ಬೆರೆಸದೆ ವೇತನದ ಲೆಕ್ಕದಲ್ಲಿಯೇ ಬರೆಯಬೇಕು.