ಬೈಯಪ್ಪನಹಳ್ಳಿಯಲ್ಲಿ ಇಳಿದವರಿಗೆ ಎಷ್ಟು ಪದ ಬೇಕು?

ಪ್ರತಿ ವರ್ಷ ಹೊಸ ಬ್ಯಾಚ್ ಬಂದಾಗ ನಮ್ಮ ಕನ್ನಡ ಸಂಘಕ್ಕೆ ಒಂದು ಪ್ರಶ್ನೆ ಬಂದೇ ಬರತ್ತೆ: "ಕನ್ನಡ ಮಾತಾಡೋಕೆ ಎಷ್ಟು ವರ್ಡ್ಸ್ ಕಲೀಬೇಕು?" ಕೇಳುವವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಹಾಗಾಗಿ ಉತ್ತರ ಒಂದು ನಂಬರ್ ಆಗಿರಬೇಕು. 500 ಅಂದ್ರೆ ದಿನಕ್ಕೆ 10ರಂತೆ 50 ದಿನ, ಮುಗೀತು. ಹೀಗೆ ಕೇಳುವವರಲ್ಲಿ ಎಷ್ಟೋ ಜನ ಬೆಂಗಳೂರಿನಲ್ಲಿ ಮೊದಲು ಕಾಲಿಟ್ಟಿದ್ದು ಬೈಯಪ್ಪನಹಳ್ಳಿಯಲ್ಲಿ. 2022ರ ಜೂನ್‌ನಲ್ಲಿ ಅಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಶುರುವಾದ ಮೇಲೆ ಹೌರಾ, ಗುವಾಹಟಿ, ಅಗರ್ತಲಾ ಕಡೆಯ ಹಲವು ರೈಲುಗಳು ಅಲ್ಲಿಗೇ ಬರುತ್ತವೆ. ಆದ್ದರಿಂದ ಪ್ರಶ್ನೆಯನ್ನ ಹೀಗೆ ಇಟ್ಟುಕೊಳ್ಳೋಣ: ಆ ಟರ್ಮಿನಲ್‌ನಿಂದ ಸೂಟ್‌ಕೇಸ್ ಎಳಕೊಂಡು ಹೊರಗೆ ಬಂದವನಿಗೆ ನಾಲ್ಕು ವರ್ಷದಲ್ಲಿ ಎಷ್ಟು ಪದ ಬೇಕು?

ಮೊದಲು ಇಂಗ್ಲಿಷ್ ಲೆಕ್ಕ ನೋಡೋಣ, ಯಾಕಂದ್ರೆ ಈ ವಿಷಯದಲ್ಲಿ ಹೆಚ್ಚು ಕೆಲಸ ಆಗಿರೋದು ಇಂಗ್ಲಿಷ್‌ನಲ್ಲೇ. ಢಾಕಾದಲ್ಲಿ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದ ಮೈಕೆಲ್ ವೆಸ್ಟ್ 1953ರಲ್ಲಿ ಸುಮಾರು 2000 ಪದಗಳ ಒಂದು ಪಟ್ಟಿ ಪ್ರಕಟಿಸಿದರು. ಕಲಿಯುವವರಿಗೆ ಮೊದಲು ಬೇಕಾದ ಪದಗಳು ಇವು ಅಂತ. ಆಮೇಲೆ ನ್ಯೂಜಿಲೆಂಡಿನ ಪಾಲ್ ನೇಶನ್ ಇದನ್ನ ಇನ್ನೂ ಮುಂದಕ್ಕೆ ತಗೊಂಡು ಹೋದರು. ಒಂದು ಬರಹ ಯಾರ ಸಹಾಯವೂ ಇಲ್ಲದೆ ಅರ್ಥವಾಗಬೇಕಾದ್ರೆ ಅದರ 98% ಪದಗಳು ಗೊತ್ತಿರಬೇಕು, ಅಂದರೆ 50 ಪದಕ್ಕೆ ಒಂದಕ್ಕಿಂತ ಹೆಚ್ಚು ಗೊತ್ತಿಲ್ಲದ ಪದ ಇರಬಾರದು. 2006ರಲ್ಲಿ ಅವರು ಹಾಕಿದ ಲೆಕ್ಕದ ಪ್ರಕಾರ ಇಂಗ್ಲಿಷ್ ಕಾದಂಬರಿ, ಪೇಪರ್ ಓದೋಕೆ 8000ದಿಂದ 9000 ಪದ-ಕುಟುಂಬಗಳು ಬೇಕು, ಮಾತು ಕೇಳಿ ಅರ್ಥ ಮಾಡಿಕೊಳ್ಳೋಕೆ 6000ದಿಂದ 7000. ಪದ-ಕುಟುಂಬ ಅಂದ್ರೆ ಒಂದು ಮೂಲ ಪದ ಮತ್ತು ಅದರಿಂದ ಹುಟ್ಟಿದ ರೂಪಗಳೆಲ್ಲ ಸೇರಿ ಒಂದು.

ಇಷ್ಟು ದೊಡ್ಡ ನಂಬರ್ ನೋಡಿ ಹೆದರಬೇಡಿ. ಮೊದಲ 1000 ಕುಟುಂಬಗಳೇ ಸುಮಾರು 80% ಪದಗಳನ್ನ ಮುಗಿಸಿಬಿಡುತ್ತವೆ. ಇದು ಜಿಪ್ಫ್ ನಿಯಮದ ಆಟ: ಪದಗಳನ್ನ ಬಳಕೆಯ ಪ್ರಕಾರ ಸಾಲಾಗಿ ನಿಲ್ಲಿಸಿದ್ರೆ ಎರಡನೇ ಪದ ಮೊದಲನೆಯದರ ಅರ್ಧದಷ್ಟು ಸಲ, ಮೂರನೆಯದು ಮೂರನೇ ಒಂದು ಭಾಗದಷ್ಟು ಸಲ ಬರತ್ತೆ. ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆದು ನೋಡಿ. 10,000 ಪದಗಳ ಭಾಷೆ ಈ ನಿಯಮವನ್ನ ಪಕ್ಕಾ ಪಾಲಿಸಿದ್ರೆ ಮೊದಲ 100 ಪದಕ್ಕೆ 53%, 1000ಕ್ಕೆ 76%, 5000ಕ್ಕೆ 93% ಸಿಗತ್ತೆ. ಕೊನೆಯ 7 ಪರ್ಸೆಂಟ್‌ಗೆ ಉಳಿದ 5000. ಸೆಮಿಸ್ಟರ್ ಪರೀಕ್ಷೆಗೂ ಇದಕ್ಕೂ ವ್ಯತ್ಯಾಸ ಇಲ್ಲ, ಪಾಸಾಗೋದು ಸುಲಭ, ಔಟ್ ಆಫ್ ಔಟ್ ಕಷ್ಟ.

ಈ ನಂಬರ್‌ಗಳನ್ನ ಕನ್ನಡಕ್ಕೆ ಹಾಗೇ ಕಾಪಿ ಪೇಸ್ಟ್ ಮಾಡೋಕಾಗಲ್ಲ. ಕಾರಣ ಬೈಯಪ್ಪನಹಳ್ಳಿ ಅನ್ನೋ ಹೆಸರಲ್ಲೇ ಇದೆ. ಬೈಯಪ್ಪ, ನ, ಹಳ್ಳಿ. ನಡುವಿನ ಆ ಒಂದು "ನ" ಇಂಗ್ಲಿಷ್‌ನ ಒಂದು ಪೂರ್ತಿ ಪದದ ಕೆಲಸ ಮಾಡತ್ತೆ. ಪಕ್ಕದ ಬೆನ್ನಿಗಾನಹಳ್ಳಿಯಲ್ಲೂ ಅದೇ "ನ". ಇಂಗ್ಲಿಷ್‌ನಲ್ಲಿ ಬಿಡಿಬಿಡಿಯಾಗಿ ನಿಲ್ಲುವ ಪದಗಳು ಕನ್ನಡದಲ್ಲಿ ಬಾಲ ಆಗಿ ಅಂಟಿಕೊಳ್ಳುತ್ತವೆ: ಮನೆಗೆ, ಮನೇಲಿ, ಮನೆಯಿಂದ. ಕ್ರಿಯಾಪದ ಅಂತೂ ಕೇಳಲೇಬೇಡಿ. "ಬರು" ಒಂದೇ ಪದ, ಆದರೆ ರಸ್ತೆಯಲ್ಲಿ ಅದು ಸಿಗೋದು ಹೀಗೆ: ಬಾ, ಬನ್ನಿ, ಬರ್ತೀನಿ, ಬರ್ತೀಯಾ, ಬರ್ತೀರಾ, ಬರ್ತಾನೆ, ಬರ್ತಾಳೆ, ಬರ್ತಾರೆ, ಬರತ್ತೆ, ಬಂದೆ, ಬಂದ್ರು, ಬರಲ್ಲ, ಬಂದಿಲ್ಲ, ಬಂದ್ರೆ, ಬಂದ್ಮೇಲೆ, ಬರ್ಬೇಕು, ಬರ್ಬೇಡಿ, ಬರೋ, ಬಂದು, ಬರೋಕೆ. ಇಪ್ಪತ್ತು ಆಯ್ತು, ಇನ್ನೂ ಇವೆ. ಕಂಪ್ಯೂಟರ್‌ಗೆ ಕನ್ನಡ ಪೇಪರ್ ಕೊಟ್ಟು "ಹೆಚ್ಚು ಬಳಕೆಯ 1000 ಪದ ಕೊಡು" ಅಂದ್ರೆ ಅದು ಬಂದ, ಬಂದು, ಬಂದರು ಮೂರನ್ನೂ ಬೇರೆ ಬೇರೆ ಪದ ಅಂತ ಎಣಿಸತ್ತೆ. ಜೊತೆಗೆ ಪೇಪರ್‌ನಲ್ಲಿ "ಬರುತ್ತೇನೆ", ಬಾಯಲ್ಲಿ "ಬರ್ತೀನಿ". ಅಂತಹ ಪಟ್ಟಿ ಹಿಡಿದು ಕಲಿತವನು ಆಟೋ ಅಣ್ಣನ ಹತ್ತಿರ ವಾರ್ತೆ ಓದಿದ ಹಾಗೆ ಮಾತಾಡ್ತಾನೆ.

ಆದರೆ ಇದೇ ವಿಷಯ ಕಲಿಯುವವರಿಗೆ ಲಾಭವೂ ಹೌದು. 50 ಕ್ರಿಯಾಪದ, ಒಂದೊಂದಕ್ಕೂ 20 ರೂಪ ಅಂದರೆ 1000 ರೂಪ. ಅದನ್ನ 1000 ಪದ ಅಂತ ಬಾಯಿಪಾಠ ಮಾಡೋದು ಬೇಡ, 50 ಪದ ಮತ್ತು 20 ಬಾಲ ಸಾಕು. (ಭೂತಕಾಲ ಮಾತ್ರ ಜೋಡಿಯಾಗೇ ಕಲಿಯಬೇಕು: ಹೋಗು-ಹೋದ, ಕೊಡು-ಕೊಟ್ಟ, ತರು-ತಂದ, ಏಳು-ಎದ್ದ. ಇಲ್ಲಿ ಶಾರ್ಟ್‌ಕಟ್ ಇಲ್ಲ.) ನಾಮಪದ ಅಂತೂ ಬೆಂಗಳೂರಿನಲ್ಲಿ ಅರ್ಧ ಫ್ರೀ. ಬಸ್, ರೋಡ್, ಸಿಗ್ನಲ್, ಟಿಕೆಟ್, ರೂಮ್, ಲ್ಯಾಬ್ ಎಲ್ಲರಿಗೂ ಗೊತ್ತು. ಬಸ್ಸಿಗೆ, ರೂಮಲ್ಲಿ, ಲ್ಯಾಬಿಂದ ಅಂದ್ರೆ ಕನ್ನಡ ಆಯ್ತು. ಹೀಗಿರುವಾಗ ಎಷ್ಟೋ "ಕನ್ನಡ ಕಲಿಯಿರಿ" ಪಟ್ಟಿಗಳು ಬಣ್ಣ, ಪ್ರಾಣಿ, ಹಣ್ಣಿನಿಂದ ಯಾಕೆ ಶುರುವಾಗುತ್ತವೋ ನನಗೆ ಅರ್ಥವಾಗಿಲ್ಲ. ಹಾಸ್ಟೆಲ್‌ನಲ್ಲಿ ಇರುವವನಿಗೆ "ನವಿಲು" ವರ್ಷಕ್ಕೆ ಎಷ್ಟು ಸಲ ಬೇಕಾಗತ್ತೆ? "ಸಿಗು" ದಿನಕ್ಕೆ ಹತ್ತು ಸಲ ಬೇಕು.

ನನ್ನನ್ನ ಕೇಳಿದ್ರೆ ಮೊದಲ ಹಂತದ ಪಟ್ಟಿ ಹೀಗಿರಲಿ: 50 ಕ್ರಿಯಾಪದ, 25 ಬಾಲಗಳು, ಎಲ್ಲಿ-ಯಾಕೆ-ಇನ್ನೂ-ಆದ್ರೆ-ಸಾಕು-ಬೇಡ ತರಹದ 40 ಸಣ್ಣ ಪದ, ದುಡ್ಡಿನ ಲೆಕ್ಕಕ್ಕೆ ಸಾಕಾಗುವಷ್ಟು 30 ಸಂಖ್ಯೆ, ಅಚ್ಚ ಕನ್ನಡದ 100 ನಾಮಪದ. ಒಟ್ಟು 245. ಇದು ನನ್ನ ಅಂದಾಜು, ಯಾವ ಸಂಶೋಧನೆಯೂ ಅಲ್ಲ.

245 ಗೊತ್ತಿರುವವನು ಬೈಯಪ್ಪನಹಳ್ಳಿಯಲ್ಲಿ ಏನು ಮಾಡಬಹುದು ಅಂತ ಈಗ ನೋಡೋಣ. ಅಲ್ಲಿ "ಸ್ಟೇಷನ್" ಅನ್ನೋದು ಮೂರು ಇವೆ: 2011ರಲ್ಲಿ ಶುರುವಾದ ಮೆಟ್ರೋ, ಅದರ ಪಕ್ಕದ ಹಳೇ ರೈಲ್ವೆ ಸ್ಟೇಷನ್, ಇವೆರಡರಿಂದ ದೂರ ಇರುವ ಟರ್ಮಿನಲ್. ಒಬ್ಬ ಇಂದಿರಾನಗರದಿಂದ ಆಟೋ ಹಿಡೀತಾನೆ ಅಂದುಕೊಳ್ಳಿ.

"ಅಣ್ಣ, ಬೈಯಪ್ಪನಹಳ್ಳಿ ಸ್ಟೇಷನ್‌ಗೆ ಬರ್ತೀರಾ? ಎಷ್ಟಾಗತ್ತೆ?"

"ಯಾವ್ ಸ್ಟೇಷನ್ನು ಸರ್, ಮೆಟ್ರೋನಾ ಟರ್ಮಿನಲ್ಲಾ? ಟರ್ಮಿನಲ್ ಆದ್ರೆ ಸುತ್ತಾಕೊಂಡು ಹೋಗ್ಬೇಕು, ಮೀಟರ್ ಮೇಲೆ ಐವತ್ತು ಕೊಟ್ಬಿಡಿ."

ಕೇಳೋಕೆ ಬೇಕಾಗಿದ್ದು ಅಣ್ಣ, ಬರ್ತೀರಾ, ಎಷ್ಟಾಗತ್ತೆ, ಜೊತೆಗೆ ಒಂದು "ಗೆ". ಉತ್ತರ ಬಂದಿದ್ದು ಬೇರೆ ಲೆವೆಲ್‌ನಲ್ಲಿ. "ಸುತ್ತಾಕೊಂಡು" ಅಂದ್ರೆ ಸುತ್ತು ಹಾಕಿಕೊಂಡು, ಇದು ಯಾವ ಪಟ್ಟಿಯಲ್ಲೂ ಇರಲ್ಲ. "ಮೇಲೆ" ಪಟ್ಟಿಯಲ್ಲಿತ್ತು, ಆದರೆ ಅವನು ಕಲಿತಿದ್ದು ಟೇಬಲ್ ಮೇಲಿನ ಪುಸ್ತಕ. ಇಲ್ಲಿ ಅದು ಎಕ್ಸ್‌ಟ್ರಾ ದುಡ್ಡು. "ಬಿಡು" ಅಂದ್ರೆ ಬಿಡೋದು ಅಂತ ಗೊತ್ತಿತ್ತು, "ಕೊಟ್ಬಿಡಿ"ಯಲ್ಲಿ ಯಾರೂ ಏನನ್ನೂ ಬಿಡ್ತಾ ಇಲ್ಲ.

ಪದ ಎಣಿಸುವವರು ಎಡವೋದು ಇಲ್ಲೇ. ಮಾತಾಡುವಾಗ ಪದ ಆರಿಸೋದು ನಾವು, ಆದ್ದರಿಂದ 245 ಸಾಕು. ಕೇಳುವಾಗ ಆರಿಸೋದು ಎದುರಿಗಿರುವವರು. ಮತ್ತೆ ಒಂದು ಪದ ಗೊತ್ತು ಅಂದರೆ ಅದರ ಎಷ್ಟು ಕೆಲಸ ಗೊತ್ತು? "ಹಾಕು" ತಗೊಳ್ಳಿ: ಶರ್ಟ್ ಹಾಕು, ಬೀಗ ಹಾಕು, ಸಹಿ ಹಾಕು, ಲೆಕ್ಕ ಹಾಕು. "ಹಿಡಿ": ಬಸ್ ಹಿಡಿ, ಆದರೆ ಮಳೆ ಹಿಡಿದುಕೊಳ್ಳತ್ತೆ, ಹುಚ್ಚೂ ಹಿಡಿಯತ್ತೆ. "ಹೊಡಿ": ನಿದ್ದೆ ಹೊಡಿ, ಕ್ಲಾಸಿಗೆ ಚಕ್ಕರ್ ಹೊಡಿ, ಲೆಕ್ಚರ್ ಬೋರ್ ಹೊಡಿಯತ್ತೆ. ಎಣಿಕೆಯಲ್ಲಿ ಇವು ಮೂರೇ ಪದ. ನನ್ನ ಅಭಿಪ್ರಾಯದಲ್ಲಿ 245 ಆದ ಮೇಲೆ 246ನೇ ಪದ ಹುಡುಕೋದಕ್ಕಿಂತ ಇಂತಹ ಹತ್ತು ಕ್ರಿಯಾಪದಗಳ ಒಳಗೆ ಇಳಿಯೋದು ಒಳ್ಳೆಯದು.

ಎಲ್ಲರೂ ಸೊನ್ನೆಯಿಂದ ಶುರು ಮಾಡಲ್ಲ ಅನ್ನೋದೂ ಲೆಕ್ಕಕ್ಕೆ ಬರಬೇಕು. ತಮಿಳು ಗೊತ್ತಿದ್ದವರಿಗೆ ರಸ್ತೆಯ ಕನ್ನಡ ಬೇಗ ಸಿಗತ್ತೆ: ಅವರ "ಪ" ನಮ್ಮಲ್ಲಿ "ಹ" ಆಗಿರತ್ತೆ. ಪಾಲ್-ಹಾಲು, ಪುಲಿ-ಹುಲಿ, ಪತ್ತು-ಹತ್ತು, ಪಲ್-ಹಲ್ಲು. ಹಲಸೂರಿನ ಅಂಗಡಿಗಳಲ್ಲಿ ಎರಡೂ ಭಾಷೆ ಒಟ್ಟಿಗೆ ಕೇಳೋದರಿಂದ ಇದು ಗಮನಕ್ಕೆ ಬರತ್ತೆ. ಹಿಂದಿಯವರಿಗೆ ಬೋರ್ಡಿನ ಕನ್ನಡ ಸುಲಭ: ಪ್ರವೇಶ, ಸಮಯ, ನಗರ, ಪುಸ್ತಕ. ಲಿಪಿ ಬಂದರೆ ಸಾಕು. ಹುಷಾರಾಗಿರಬೇಕಾದ ಜಾಗಗಳೂ ಇವೆ. ಹಿಂದಿಯ "ಅವಸರ" ಅವಕಾಶ, ನಮ್ಮದು ಗಡಿಬಿಡಿ. ಅವರ "ಉಪನ್ಯಾಸ" ಕಾದಂಬರಿ, ನಮ್ಮದು ಲೆಕ್ಚರ್. ಅವರ "ಶಿಕ್ಷಾ" ಓದು, ನಮ್ಮ "ಶಿಕ್ಷೆ" ಏನು ಅಂತ ನಿಮಗೆ ಗೊತ್ತೇ ಇದೆ. (ಇಂಟರ್ನಲ್ಸ್ ವಾರದಲ್ಲಿ ಎರಡೂ ಒಂದೇ ಅನ್ಸತ್ತೆ.)

ಕ್ಯಾಂಪಸ್‌ನಲ್ಲಿ ಪದ ಬೆಳೆಯದೇ ಇರೋಕೆ ದೊಡ್ಡ ಕಾರಣ ಪಟ್ಟಿ ಅಲ್ಲ, ನಾವು. ವಿಟಿಯು ಸಿಲಬಸ್‌ನಲ್ಲಿ ಕನ್ನಡ ಬಾರದವರಿಗೆ "ಬಳಕೆ ಕನ್ನಡ" ಇದೆ, ಅಲ್ಲಿ ಕಲಿತು ಬಂದವನು ಕ್ಯಾಂಟೀನ್‌ನಲ್ಲಿ ಎರಡು ವಾಕ್ಯ ಹೇಳ್ತಾನೆ, ಮೂರನೆಯದರಲ್ಲಿ ತಡವರಿಸ್ತಾನೆ, ತಕ್ಷಣ ನಾವು ಹಿಂದಿಗೋ ಇಂಗ್ಲಿಷ್‌ಗೋ ಶಿಫ್ಟ್ ಆಗ್ತೀವಿ. ಒಳ್ಳೆ ಮನಸ್ಸಿಂದಲೇ. ಆದರೆ ಒಂದು ಪದ ಬೇರೆ ಬೇರೆ ಸನ್ನಿವೇಶದಲ್ಲಿ ಎಷ್ಟೋ ಸಲ ಕಿವಿಗೆ ಬಿದ್ದರೆ ಮಾತ್ರ ತಲೆಯಲ್ಲಿ ಕೂರೋದು, ಆ ಸಲಗಳನ್ನ ನಾವೇ ಕಿತ್ತುಕೊಳ್ತೀವಿ. ಆಮೇಲೆ ಮೂರನೇ ವರ್ಷದಲ್ಲಿ "ಇಷ್ಟು ದಿನ ಇದ್ದೂ ಕನ್ನಡ ಬರಲ್ವಾ?" ಅಂತ ಕೇಳೋದೂ ನಾವೇ. ಕಲಿಯುವವರ ಕಡೆಯಿಂದ ಇದಕ್ಕೆ ಒಂದು ಉಪಾಯ ಇದೆ, "ಅಂದ್ರೆ ಏನು?" ಅನ್ನೋ ಎರಡು ಪದ. "ಸುತ್ತಾಕೊಂಡು ಅಂದ್ರೆ ಏನಣ್ಣ?" ಅಂತ ಕೇಳಿದ್ರೆ ಆಟೋ ಅಣ್ಣ ಕೈ ತಿರುಗಿಸಿ ತೋರಿಸ್ತಾರೆ, ಮಾತು ಕನ್ನಡದಲ್ಲೇ ಉಳಿಯತ್ತೆ.

ನನ್ನ ಹಾಗೆ ಮನೆಯಲ್ಲಿ ಕನ್ನಡ, ಸ್ಕೂಲಿನಲ್ಲಿ ಇಂಗ್ಲಿಷ್ ಇದ್ದವರು ಇಷ್ಟನ್ನ ಓದಿ "ಇದು ನಮಗಲ್ಲ" ಅಂದುಕೊಳ್ಳಬೇಡಿ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟ ಇದೆ, ಅದರ ಮಾತು ಬಿಡಿ. ಒಂದು ಕನ್ನಡ ಪೇಪರ್ ತಗೊಂಡು ಸಂಪಾದಕೀಯದಲ್ಲಿ 100 ಪದ ಎಣಿಸಿ, ಗೊತ್ತಿಲ್ಲದ್ದಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿ. ಸಂದರ್ಭ ನೋಡಿ ಊಹಿಸಿದ್ದಕ್ಕೂ ಗೆರೆ ಹಾಕಬೇಕು. 98%ಗೆ ಎರಡೇ ಗೆರೆ ಅವಕಾಶ. ನನ್ನ ಪೇಜಿನಲ್ಲಿ ಅದಕ್ಕಿಂತ ಜಾಸ್ತಿ ಬಿದ್ದವು. "ಅನುಷ್ಠಾನ", "ಪರಾಮರ್ಶೆ" ತರಹದ ಪದಗಳನ್ನ ನೂರು ಸಲ ನೋಡಿದ್ದೆ, ಆದರೆ ಅರ್ಥ ಹೇಳು ಅಂದ್ರೆ ಬಾಯಿಗೆ ಬರಲಿಲ್ಲ. ಈಗ ವಾರಕ್ಕೆ ಒಂದು ಸಂಪಾದಕೀಯ ಹೀಗೆ ಓದ್ತಾ ಇದ್ದೀನಿ, ಗೆರೆ ಬಿದ್ದ ಪದಗಳು ಒಂದು ನೋಟ್‌ಬುಕ್‌ಗೆ ಹೋಗುತ್ತವೆ. ನೋಟ್‌ಬುಕ್‌ನ ಮೊದಲ ಪುಟ ಇನ್ನೂ ತುಂಬಿಲ್ಲ. ಯಾರಾದ್ರೂ ಜೊತೆಗೆ ಕೂರೋದಾದ್ರೆ ಲೈಬ್ರರಿಯಲ್ಲಿ ಕನ್ನಡ ಪೇಪರ್ ಇಡುವ ಟೇಬಲ್ ಹತ್ತಿರ ಶುಕ್ರವಾರ ಊಟದ ಬ್ರೇಕ್‌ನಲ್ಲಿ ಸಿಗ್ತೀನಿ.